ಬ್ಲೇಡು ನಿಲ್ಲುವವರೆಗೆ

ಬೋರ್ಡಿನ ಮೇಲೆ ಬರೆದದ್ದು ಸರಿಯಾಗಿ ಕಾಣುತ್ತಿಲ್ಲ ಎಂದು ಮಗಳು ಮೊದಲ ಸಲ ಹೇಳಿದಾಗ ನಾನು ಜೇನುಪೆಟ್ಟಿಗೆಯೊಂದಕ್ಕೆ ಮುಚ್ಚಳ ಕೂರಿಸುತ್ತಿದ್ದೆ. ತಲೆ ಎತ್ತಲಿಲ್ಲ. "ಮುಂದ್ಲ ಬೆಂಚಲ್ಲಿ ಕೂತ್ಕೊ" ಎಂದೆ. ಕೂತಳು. ಎರಡು ತಿಂಗಳು ಕಳೆದು ಮತ್ತೆ ಹೇಳಿದಳು. "ಓದಾಕೆ ಸೋಮಾರಿತನ ಕಣವ್ವ ನಿಂಗೆ" ಎಂದು ಗದರಿದೆ. ಮೂರನೇ ಸಲ ಅವಳು ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿದ್ದ ಬೈಕಿಗೆ ನೇರವಾಗಿ ನಡೆದು ಹೋಗಿ ಗುದ್ದಿಕೊಂಡು ಬಿದ್ದಳು. ತುಟಿ ಒಡೆದಿತ್ತು. ಅವಳಮ್ಮ ಓಡಿ ಬಂದು ಎತ್ತಿದಾಗ, "ಇಲ್ಲಿ ಬೈಕ್ ಇತ್ತಾ?" ಎಂದು ಕೇಳಿದಳು.

ನಮ್ಮದು ಅಂತರಸಂತೆ. ಒಂದಿಷ್ಟು ಹೊಲ ಇದೆ, ಹತ್ತಿ ಮತ್ತು ರಾಗಿ ಬೆಳೆಯುತ್ತೇವೆ. ಉಳಿದ ಹೊತ್ತಿನಲ್ಲಿ ನಾನು ಮನೆಯ ಹಿಂದಿನ ಶೆಡ್ಡಿನಲ್ಲಿ ಜೇನುಪೆಟ್ಟಿಗೆ ಮಾಡುತ್ತೇನೆ. ಮರಗೆಲಸವನ್ನು ಯಾರ ಬಳಿಯೂ ಕಲಿತವನಲ್ಲ. ಒಂದು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ, ನೋಡಿ, ಅದರಂತೆ ಇನ್ನೊಂದು ಮಾಡಿದವನು. ಆಗಿನಿಂದ ಹಾಗೇ ನಡೆದು ಬಂದಿತ್ತು.

ಎಚ್.ಡಿ. ಕೋಟೆಯ ಆಸ್ಪತ್ರೆಯವರು ಮೈಸೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ಎರಡು ದಿನ ಪರೀಕ್ಷೆ ಮಾಡಿ, ಮಗಳನ್ನು ಹೊರಗೆ ಕೂರಿಸಿ ನಮ್ಮಿಬ್ಬರನ್ನೇ ಕರೆದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ಇನ್ನು ವಾಪಸು ಬರುವುದಿಲ್ಲ, ಉಳಿದಿರುವ ಚೂರನ್ನು ಕಾಪಾಡಲು ನೋಡೋಣ ಎಂದರು. ಆಮೇಲೆ ಕೇಳಿದರು: "ಕಾಣಲ್ಲ ಅಂತ ಯಾವಾಗಿಂದ ಹೇಳ್ತಿದ್ಲು?"

ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಆಪರೇಷನ್ ಆಯಿತು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಬೆಳಕೊಂದೇ ಉಳಿಯಿತು. ಕಿಟಕಿ ಎಲ್ಲಿದೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎನ್ನುವುದಷ್ಟೇ ಅವಳಿಗೆ ತಿಳಿಯುತ್ತಿತ್ತು. ಆಗ ಅವಳು ಒಂಬತ್ತನೇ ತರಗತಿ. ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಎಬ್ಬಿಸಿದರೆ ಎರಡು ತುತ್ತು ತಿಂದು ಮತ್ತೆ ಮಲಗುತ್ತಿದ್ದಳು. ತಲೆ ಬಾಚಿಸಿಕೊಳ್ಳಲು ಒಲ್ಲೆ ಎನ್ನುತ್ತಿದ್ದಳು. ಗೆಳತಿಯರು ಬಂದರೆ ನಿದ್ದೆ ಬಂದವಳ ಹಾಗೆ ಉಸಿರಾಡುತ್ತಿದ್ದಳು.

ಶಾಲೆಯ ಗಣಿತದ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಶಾಲೆ ಬಿಡಿಸಬೇಡಿ, ಪರೀಕ್ಷೆ ಬರೆದುಕೊಡಲು ಒಬ್ಬರನ್ನು ಕೊಡುತ್ತಾರೆ, ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಲೂ ಅವಕಾಶವಿದೆ ಎಂದರು. "ರೇಖಾಗಣಿತ ಇವಳಿಗೆ ಕಷ್ಟ ಆಯ್ತದೆ. ಆಕೃತಿ ನೋಡ್ದೆ ಎಂಗೆ ಮಾಡ್ತಾಳೆ?"

ಗೋಡೆಯ ಕಡೆಯಿಂದ ಮಾತು ಬಂತು. ಹತ್ತು ದಿನಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು. "ಮುಟ್ಟಿ ನೋಡುದ್ರೆ ಆಗಾಕಿಲ್ವಾ ಸಾರ್?"

ಮೇಷ್ಟ್ರು ಹೋದ ಮೇಲೆ ಹೆಂಡತಿ ಹಳೆಯ ರಟ್ಟಿನ ಡಬ್ಬ ಕತ್ತರಿಸಿ ಒಂದು ತ್ರಿಕೋನ, ಒಂದು ಚೌಕ ಮಾಡಿ ಮಗಳ ಕೈಗಿಟ್ಟಳು. ಅವಳು ಎದ್ದು ಕೂತಳು. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆದರೆ ಎರಡೇ ದಿನದಲ್ಲಿ ಕೈಯ ಬೆವರಿಗೆ ರಟ್ಟು ಮೆತ್ತಗಾಗಿ ಮೂಲೆಗಳು ಬಾಗಿದವು. ಅವಳು ಅವನ್ನು ಕೆಳಗೆ ಹಾಕಿ ಮತ್ತೆ ಮಲಗಿದಳು.

"ಮರದಲ್ಲಿ ಮಾಡ್ಕೊಡ್ತೀನಿ ಕಣವ್ವ" ಎಂದೆ.

ಅಷ್ಟು ಸುಲಭ ಅಂದುಕೊಂಡಿದ್ದೆ. ನನ್ನ ಶೆಡ್ಡಿನಲ್ಲಿ ಇದ್ದದ್ದು ಕೈಯಲ್ಲಿ ಹಿಡಿದು ಕೊಯ್ಯುವ ಕಟಿಂಗ್ ಮಿಷಿನ್ನು. ಅದನ್ನು ತಲೆಕೆಳಗು ಮಾಡಿ, ಒಂದು ಪ್ಲೈವುಡ್ ಮೇಜಿನ ಅಡಿಗೆ ಬೋಲ್ಟು ಹಾಕಿ ಬಿಗಿದಿದ್ದೆ. ಮೇಜಿನ ಸೀಳಿನಿಂದ ಬ್ಲೇಡು ಮೇಲೆ ಬರುತ್ತಿತ್ತು. ಅದಕ್ಕೆ ಮುಚ್ಚಿಗೆ ಇರಲಿಲ್ಲ. ಸ್ವಿಚ್ಚು ಐದಡಿ ಆಚೆ ಗೋಡೆಯಲ್ಲಿತ್ತು. ಪೆಟ್ಟಿಗೆಯ ಹಲಗೆಗಳು ಉದ್ದ ಇರುತ್ತವೆ. ಕೈ ಬ್ಲೇಡಿನಿಂದ ದೂರ ಇರುತ್ತದೆ. ವರ್ಷಗಟ್ಟಲೆ ಏನೂ ಆಗಿರಲಿಲ್ಲವಾದ್ದರಿಂದ ಏನೂ ಆಗುವುದಿಲ್ಲ ಎಂದು ನಂಬಿದ್ದೆ.

ಮಗಳನ್ನು ಕೈಹಿಡಿದು ಶೆಡ್ಡಿಗೆ ಕರೆತಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದೆ. ಅವಳು ಹಾಸಿಗೆ ಬಿಟ್ಟು ಬಂದದ್ದೇ ನನಗೆ ದೊಡ್ಡದು. ಆ ಖುಷಿಯಲ್ಲಿ ಬೇಗ ಒಂದನ್ನು ಅವಳ ಕೈಗಿಡಬೇಕು ಎಂಬ ಅವಸರ ಹತ್ತಿತು. ಮೂರಿಂಚಿನ ತೇಗದ ತುಂಡೊಂದು ಬಿದ್ದಿತ್ತು. ಅದರ ಮೇಲೆ ಎರಡಿಂಚಿನ ತ್ರಿಕೋನ ಗೀಚಿ, ಎರಡೂ ಕೈಯ ಬೆರಳಲ್ಲಿ ಹಿಡಿದು ಬ್ಲೇಡಿಗೆ ಕೊಟ್ಟೆ. ಮೊದಲ ಬದಿ ಆಯಿತು. ಎರಡನೆಯದಕ್ಕೆ ತಿರುಗಿಸಿದಾಗ ತುಂಡು ಬ್ಲೇಡಿಗೂ ಮರ ಒರಗಿಸಲು ಪಕ್ಕದಲ್ಲಿ ಹೊಡೆದಿದ್ದ ಪಟ್ಟಿಗೂ ನಡುವೆ ಸಿಕ್ಕಿಕೊಂಡಿತು. ಒಂದು ಏಟು. ತುಂಡು ನನ್ನ ಕಿವಿಯ ಪಕ್ಕದಲ್ಲಿ ಹಾರಿ ಶೆಡ್ಡಿನ ತಗಡಿಗೆ ಬಡಿಯಿತು. ಅದು ಇದ್ದ ಜಾಗಕ್ಕೆ ನನ್ನ ಎಡಗೈ ಹೋಗಿತ್ತು.

ನೋವಾಗಲಿಲ್ಲ. ತೋರುಬೆರಳು ಚಿಕ್ಕದಾಗಿ ಕಂಡಿತು, ಅಷ್ಟೇ. ಉಗುರು ಇರಬೇಕಾದ ಕಡೆ ಉಗುರಿರಲಿಲ್ಲ.

"ಅಪ್ಪ?" ಎಂದಳು ಮಗಳು.

ನನ್ನ ಗಂಟಲಿನಿಂದ ದನಿ ಹೊರಡಲಿಲ್ಲ. ಮಿಷಿನ್ನು ಓಡುತ್ತಲೇ ಇತ್ತು.

"ಅಪ್ಪ, ಏನಾಯ್ತು? ಯಾಕ್ ಮಾತಾಡ್ತಿಲ್ಲ?" ಸ್ಟೂಲು ಉರುಳಿದ ಸದ್ದು. ತಿರುಗಿ ನೋಡಿದರೆ ಅವಳು ಎದ್ದು ನಿಂತಿದ್ದಾಳೆ. ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಸದ್ದು ಬರುವ ಕಡೆಗೇ ಹೆಜ್ಜೆ ಇಡುತ್ತಿದ್ದಾಳೆ. ನಾನು ಅಲ್ಲೇ ಇರುತ್ತೇನೆಂದು ಅವಳಿಗೆ ಗೊತ್ತಿದ್ದದ್ದು ಆ ಸದ್ದಿನಿಂದಲೇ. ಸದ್ದು ಬರುತ್ತಿದ್ದದ್ದು ಬ್ಲೇಡಿನಿಂದ.

ನಿಲ್ಲು ಎಂದು ಕೂಗಲು ನೋಡಿದೆ. ಗಾಳಿ ಬಂತು, ಮಾತು ಬರಲಿಲ್ಲ. ಸ್ವಿಚ್ಚಿನ ಕಡೆ ಓಡಿದರೆ ಅಷ್ಟರಲ್ಲಿ ಅವಳ ಕೈ ಮೇಜಿನ ಮೇಲಿರುತ್ತದೆ. ಅಡ್ಡ ಹೋಗಿ ಅವಳನ್ನು ಎದೆಗೆ ಅಪ್ಪಿಕೊಂಡೆ. ನನ್ನ ಕೈಯಿಂದ ಸುರಿಯುತ್ತಿದ್ದದ್ದು ಅವಳ ಕತ್ತಿನ ಮೇಲೆ ಇಳಿಯಿತು. ಅವಳು ಅದನ್ನು ಮುಟ್ಟಿ, ಬೆರಳುಗಳನ್ನು ಉಜ್ಜಿ ನೋಡಿ, ಏನೆಂದು ಅರ್ಥವಾಗಿ ಕಿರುಚಿದಳು. ಆ ಕಿರುಚಾಟಕ್ಕೆ ಹೆಂಡತಿ ಬಂದು ಸ್ವಿಚ್ಚು ಆರಿಸಿದಳು.

ಎಚ್.ಡಿ. ಕೋಟೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಹೆಂಡತಿ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. "ಅವ್ಳಿಗೆ ಇನ್ಮೇಲೆ ಬೆರಳೇ ಕಣ್ಣು. ಆ ಕಣ್ಣನ್ನೂ ಕಳೀಬೇಕು ಅಂತಿದ್ದೀರಾ?" ಎಂದಳು. ನನ್ನ ಬೆರಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಬೇಕಾಗಿರಲಿಲ್ಲ. ಕಣ್ಣು ಮುಚ್ಚಿದರೆ ನನಗೂ ಕಾಣುತ್ತಿದ್ದದ್ದು ನನ್ನ ಬೆರಳಲ್ಲ. ಚಾಚಿದ ಆ ಎರಡು ಕೈಗಳು.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದೆವು. ಮಗಳು ತನ್ನಿಂದಲೇ ಹೀಗಾಯಿತೆಂದು ತೀರ್ಮಾನಿಸಿದ್ದಳು. ನಾನು ಹತ್ತಿರ ಹೋದರೆ ಮುದುಡಿಕೊಳ್ಳುತ್ತಿದ್ದಳು. ಊಟ ಪೂರ್ತಿ ನಿಂತಿತು. ಗಂಜಿಯನ್ನು ಅವಳಮ್ಮ ಬಾಯಿ ಬಿಡಿಸಿ ಕುಡಿಸಬೇಕಾಯಿತು. ಒಂದು ಮಧ್ಯಾಹ್ನ ಹೆಂಡತಿ ಹೊಲದಲ್ಲಿದ್ದಾಗ ನಾನು ಅಡುಗೆಮನೆಯಲ್ಲಿ ಕೂತು, ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತೆ. ಮೊದಲ ಸಲ ಹೇಳಿದಾಗಲೇ ಅವಳ ಮಾತು ಕೇಳಿದ್ದರೆ ಕಣ್ಣು ಉಳಿಯುತ್ತಿತ್ತು. ಒಂದು ನಿಮಿಷ ಸಾವಧಾನ ಮಾಡಿದ್ದರೆ ಬೆರಳು ಉಳಿಯುತ್ತಿತ್ತು. ಎರಡನ್ನೂ ನಾನೇ ಕಳೆದಿದ್ದೆ.

ಹಾಸಿಗೆ ಝಾಡಿಸುವಾಗ ಹೆಂಡತಿಗೆ ಅವಳ ದಿಂಬಿನ ಕೆಳಗೆ ಆ ತೇಗದ ತುಂಡು ಸಿಕ್ಕಿತು. ತಗಡಿಗೆ ಬಡಿದು ಬಿದ್ದದ್ದನ್ನು ಅವಳು ಯಾವಾಗ ಎತ್ತಿಟ್ಟುಕೊಂಡಳೋ ತಿಳಿಯದು. ಒಂದು ಬದಿ ಮಾತ್ರ ಕೊಯ್ದದ್ದು, ಇನ್ನೊಂದು ಹರಿದದ್ದು. ಹೆಂಡತಿ ಅದನ್ನು ಒಲೆಗೆ ಹಾಕಲು ಹೊರಟಾಗ ಮಗಳು ಎದ್ದು ಕೂತು, "ಅದನ್ನ ಕೊಡವ್ವ" ಎಂದಳು. ಕೈಗೆ ತೆಗೆದುಕೊಂಡು ಕೊಯ್ದ ಬದಿಯ ಮೇಲೆ ಬೆರಳಾಡಿಸಿದಳು. "ಇದೊಂದು ಬದಿ ನೆಟ್ಟಗೈತೆ" ಎಂದಳು.

ಆ ರಾತ್ರಿಯೂಟದ ಹೊತ್ತಿಗೆ ಹೆಂಡತಿಯೇ ಮಾತು ತೆಗೆದಳು. ಕೆ.ಆರ್. ನಗರದಲ್ಲಿ ಅವಳ ಅಣ್ಣನ ಮನೆಯ ಹತ್ತಿರ ಹಾರ್ಮೋನಿಯಂ ರಿಪೇರಿ ಮಾಡುವ ಸಾಹೇಬರೊಬ್ಬರು ಇದ್ದಾರೆ, ಕಡ್ಡಿಯಂಥ ತುಂಡುಗಳನ್ನೆಲ್ಲ ಮನೆಯಲ್ಲೇ ಕೊಯ್ಯುತ್ತಾರೆ ಎಂದಳು. "ಕಲ್ತ್ಕೊಂಡು ಬನ್ನಿ. ಕಲೀದೆ ಬಂದ್ರೆ ಬೀಗ ತೆಗೆಯಾಕಿಲ್ಲ."

ಹುಣಸೂರಿನಲ್ಲಿ ಬಸ್ಸು ಬದಲಿಸಿ ಹೋದೆ. ಸಾಹೇಬರಿಗೆ ಎಪ್ಪತ್ತು ದಾಟಿತ್ತು. ನಾನು ಮೊದಲು ನೋಡಿದ್ದು ಅವರ ಬೆರಳುಗಳನ್ನು. ಹತ್ತೂ ಇದ್ದವು. ಅವರು ನೋಡಿದ್ದು ನನ್ನ ಬೆರಳಿಗೆ ಸುತ್ತಿದ್ದ ಬಟ್ಟೆಪಟ್ಟಿಯನ್ನು.

"ಏನ್ ಕುಯ್ತಿದ್ರಿ?"

ಹೇಳಿದೆ.

"ಎಷ್ಟು ದೊಡ್ಡ ಮರದಿಂದ?"

"ಮೂರಿಂಚು."

ಅವರು ತಲೆ ಅಲ್ಲಾಡಿಸಿದರು. "ಸಣ್ಣ ಮರದಿಂದ ಸಣ್ಣ ತುಂಡು ಯಾವತ್ತೂ ಕುಯ್ಬಾರದು ಭಾಯಿ. ಒಂದೂವರೆ ಅಡಿ ಪಟ್ಟಿ ತಗೊಳ್ಳಿ. ತುಂಡು ಕೊನೇವರೆಗೂ ಆ ಪಟ್ಟಿಗೇ ಅಂಟ್ಕೊಂಡಿರ್ಲಿ. ಪಟ್ಟಿ ಕುಯ್ತಾ ಕುಯ್ತಾ ಒಂದು ಗೇಣಿಗೆ ಬಂತು ಅಂದ್ರೆ ಅದನ್ನ ಒಲೆಗೆ ಹಾಕಿ. ಆ ಗೇಣು ನಿಮ್ಮ ಕೈಗೆ ಸೇರಿದ್ದಲ್ಲ."

ಅವರ ಮೇಜೂ ನನ್ನದರಂಥದ್ದೇ. ಆದರೆ ಅದರ ಮೇಲೆ ಜಾರುವ ಒಂದು ತಟ್ಟೆ ಇತ್ತು. ಪ್ಲೈವುಡ್ಡಿನದು, ಅಡಿಯಲ್ಲಿ ಎರಡು ಪಟ್ಟಿ, ಆ ಪಟ್ಟಿಗಳು ಮೇಜಿನಲ್ಲಿ ಉದ್ದಕ್ಕೆ ಕೊರೆದ ಕಾಲುವೆಗಳಲ್ಲಿ ಓಡುತ್ತಿದ್ದವು. ಮರವನ್ನು ತಟ್ಟೆಯ ಮೇಲೆ ಒಂದು ಅಡ್ಡಪಟ್ಟಿಗೆ ಒರಗಿಸಿ, ಮೇಲಿಂದ ಒಂದು ಮರದ ಹಿಡಿಯನ್ನು ತಿರುಪು ಹಾಕಿ ಒತ್ತುತ್ತಿದ್ದರು. ಕೈ ಹಿಡಿಯುವುದು ತಟ್ಟೆಯನ್ನು, ಮರವನ್ನಲ್ಲ. ಬ್ಲೇಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಿಗೆ. ಕೊಯ್ದು ಬಿದ್ದ ತುಂಡು ಎಲ್ಲೂ ಸಿಕ್ಕಿಕೊಳ್ಳದಂತೆ ಒಂದು ಕಡೆ ಖಾಲಿ ಜಾಗ. ಸ್ವಿಚ್ಚು ಮೊಣಕಾಲಿನ ಹತ್ತಿರ. ಬ್ಲೇಡು ಪೂರ್ತಿ ನಿಲ್ಲುವವರೆಗೂ ಅವರು ಕೊಯ್ದ ತುಂಡಿನ ಕಡೆ ನೋಡುತ್ತಲೂ ಇರಲಿಲ್ಲ.

ಅವರು ಮಿಷಿನ್ನು ಹಾಕದೆ ನನ್ನಿಂದ ಇಡೀ ಬೆಳಿಗ್ಗೆ ಬರೀ ತಟ್ಟೆ ತಳ್ಳಿಸಿದರು. ಮಧ್ಯಾಹ್ನ ಸ್ವಿಚ್ಚು ಒತ್ತಿದರು. ಆ ಸದ್ದು ಕೇಳಿದ್ದೇ ನನ್ನ ಕಣ್ಣ ಮುಂದೆ ಮಗಳು ಬರತೊಡಗಿದಳು, ಕೈ ಚಾಚಿಕೊಂಡು. ಹೊರಗೆ ಓಡಿ ಚರಂಡಿಯ ಬಳಿ ವಾಂತಿ ಮಾಡಿದೆ. ಬಾಯಿ ತೊಳೆಯಲು ಅವರೇ ನೀರು ತಂದುಕೊಟ್ಟರು. "ನಾಳೆ ಬನ್ನಿ" ಎಂದರು. ಮರುದಿನವೂ ವಾಂತಿಯಾಯಿತು. ಮೂರನೆಯ ದಿನ ಒಂದು ತುಂಡು ಕೊಯ್ದೆ. ನಾಲ್ಕನೆಯ ದಿನ ಊರಿಗೆ ಬಂದೆ.

ನಮ್ಮ ಮೇಜನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು ಎರಡು ವಾರ ಹಿಡಿಯಿತು. ಹೆಂಡತಿ ಪ್ರತಿಯೊಂದನ್ನೂ ತಾನೇ ಮುಟ್ಟಿ ನೋಡಿ, ಸ್ವಿಚ್ಚನ್ನು ಹತ್ತು ಸಲ ಒತ್ತಿ ಆರಿಸಿ, ಆಮೇಲೆ ಒಂದು ಷರತ್ತು ಹಾಕಿದಳು. ಶೆಡ್ಡಿನ ಬಾಗಿಲಿಗೆ ಒಳಚಿಲಕ ಇರಬೇಕು, ಮಿಷಿನ್ನು ಓಡುವಾಗ ಮಗಳು ಬಾಗಿಲ ಆಚೆ ಜಗುಲಿಯ ಮೇಲೆಯೇ ಇರಬೇಕು. ಕಿಟಕಿ ತೆರೆದಿರಬಹುದು. ಮಗಳು ಒಪ್ಪಿದಳು. ಆದರೆ ಅವಳದೂ ಒಂದು ಷರತ್ತು: "ಏನ್ ಮಾಡ್ತೀಯೋ ಬಾಯ್ಬುಟ್ಟು ಯೋಳ್ತಾ ಇರ್ಬೇಕು. ಸುಮ್ನಾದ್ರೆ ನಂಗೆ ಭಯ ಆಯ್ತದೆ."

ಹಾಗಾಗಿ ಕೂಗಿ ಹೇಳುತ್ತಾ ಕೆಲಸ ಮಾಡಿದೆ. "ಪಟ್ಟಿ ಇಟ್ಟೆ. ಬಿಗಿ ಮಾಡ್ದೆ. ಆನ್ ಮಾಡ್ತೀನಿ. ತಳ್ತಾ ಇದ್ದೀನಿ. ಕುಯ್ದೆ. ಆಫ್ ಮಾಡ್ದೆ." ಮೊದಲ ಸಲ ತುಂಡು ಎತ್ತಿಕೊಳ್ಳಲು ಕೈ ಚಾಚುವಷ್ಟರಲ್ಲಿ ಕಿಟಕಿಯಿಂದ ಅವಳ ದನಿ ಬಂತು.

"ಇನ್ನೂ ತಿರುಗ್ತೈತೆ."

ನನಗೆ ಏನೂ ಕೇಳುತ್ತಿರಲಿಲ್ಲ. ಬಗ್ಗಿ ನೋಡಿದೆ. ಬ್ಲೇಡಿನ ಹಲ್ಲು ಮಸುಕಾಗಿ ತಿರುಗುತ್ತಲೇ ಇತ್ತು.

"ಈಗ ನಿಂತ್ತು" ಎಂದಳು.

ಅವತ್ತಿನಿಂದ ಅವಳು 'ನಿಂತ್ತು' ಎನ್ನುವವರೆಗೆ ನಾನು ಕೈ ಚಾಚಲಿಲ್ಲ.

ಆರು ತ್ರಿಕೋನ ಕೊಯ್ದೆ, ಮೂರೂ ಬದಿ ಎರಡೆರಡು ಇಂಚು. ಸಮಬಾಹು ತ್ರಿಕೋನ ಆರನ್ನು ಒಂದು ಬಿಂದುವಿನ ಸುತ್ತ ಜೋಡಿಸಿದರೆ ಒಂದಿಷ್ಟೂ ಸಂದಿ ಇಲ್ಲದೆ ಕೂಡಬೇಕು, ಅದೇ ಪರೀಕ್ಷೆ ಎಂದು ಮಗಳು ಹೇಳಿದಳು. ಜಗುಲಿಯ ಮೇಲೆ ಜೋಡಿಸಿದಳು. ಐದು ಕೂತವು. ಆರನೆಯದನ್ನು ಇಟ್ಟು, ಸಂದಿಯ ಮೇಲೆ ಬೆರಳೆಳೆದಳು.

"ಇಲ್ಲಿ ಉಗುರು ಓಯ್ತದೆ."

ನನಗೆ ಕೂದಲೆಳೆಯಷ್ಟೂ ಕಾಣಲಿಲ್ಲ. ಕಾಗದದ ಚೂರು ತೂರಿಸಿದೆ, ಹೋಯಿತು. ಅಡ್ಡಪಟ್ಟಿಯ ಕೋನ ಸ್ವಲ್ಪವೇ ತಪ್ಪಿತ್ತು. ಒಂದರಲ್ಲಿ ಕಾಣದ ತಪ್ಪು ಆರು ಸೇರಿದಾಗ ಸಂದಿಯಾಗಿತ್ತು. ಸರಿ ಮಾಡಿ ಮತ್ತೆ ಆರು ಕೊಯ್ದೆ. ಈಗ ಆರನೆಯದು ಕೂರಲೇ ಇಲ್ಲ. ಮತ್ತೆ ಆರು. ಒಂದು ವಾರ ಹೀಗೇ ಹೋಯಿತು. ಪ್ರತಿ ಸಲವೂ ಅವಳು ಬೆರಳಾಡಿಸಿ, "ಇಲ್ಲ" ಎನ್ನುತ್ತಿದ್ದಳು.

ಏಳನೆಯ ದಿನ ನನಗೇ ರೇಗಿತು. "ಇಷ್ಟಿದ್ರೆ ಸಾಕು ಬುಡವ್ವ. ಯಾರಿಗೆ ಗೊತ್ತಾಯ್ತದೆ?"

ಅವಳು ಆರೂ ತುಂಡುಗಳನ್ನು ಬಾಚಿ ಅಂಗಳಕ್ಕೆ ಎಸೆದಳು. "ನಂಗ್ ಗೊತ್ತಾಯ್ತದೆ! ನಾನ್ ಯೋಳಿದ್ನ ನೀನ್ ಯಾವತ್ ನಂಬಿದ್ದೀಯ? ಬೋರ್ಡು ಕಾಣಾಕಿಲ್ಲ ಅಂತ ಯೋಳ್ದೆ, ನಂಬ್ಲಿಲ್ಲ. ಮತ್ತೆ ಯೋಳ್ದೆ, ಸೋಮಾರಿ ಅಂದೆ. ಈಗ ಸಂದಿ ಐತೆ ಅಂತೀನಿ, ಸಾಕು ಬುಡು ಅಂತೀಯ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಎಷ್ಟೋ ತಿಂಗಳಿಂದ ಈ ಮಾತಿಗಾಗಿ ಕಾಯುತ್ತಿದ್ದೆ, ಅದು ಬಾರದಿರಲಿ ಎಂದು ಬೇಡುತ್ತಲೂ ಇದ್ದೆ. ಬಂದಾಗ ಜಗುಲಿಯ ಮೇಲೆ ಅವಳ ಪಕ್ಕದಲ್ಲಿ ಕೂತೆ.

"ತಪ್ಪು ನಂದೇ ಕಣವ್ವ. ನೀನ್ ಯೋಳ್ದಾಗ ನಾನ್ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಕೇಳಿದ್ರೆ ಕಣ್ ಉಳೀತಿತ್ತಾ?"

ಸುಳ್ಳು ಹೇಳಬಹುದಿತ್ತು. "ಒಂದಷ್ಟು ಉಳೀತಿತ್ತು" ಎಂದೆ.

ಅವಳು ಅತ್ತಳು. ಕಣ್ಣು ಹೋದ ಮೇಲೆ ನನ್ನೆದುರು ಅತ್ತದ್ದು ಅದೇ ಮೊದಲು. ನನ್ನನ್ನು ಒರಗಿಕೊಳ್ಳಲಿಲ್ಲ, ದೂರವೂ ಸರಿಯಲಿಲ್ಲ. ನಾನು ಅಂಗಳಕ್ಕಿಳಿದು ಆರೂ ತುಂಡು ಹುಡುಕಿ ತಂದೆ. ಒಂದರ ಮೂಲೆ ಮುರಿದಿತ್ತು. ಮರುದಿನ ಹೊಸ ಪಟ್ಟಿ ತೆಗೆದುಕೊಂಡು ಅಡ್ಡಪಟ್ಟಿಯ ಹಿಂದೆ ಸಿಗರೇಟಿನ ಕಾಗದದಷ್ಟು ತೆಳ್ಳಗಿನ ಚೂರು ಸಿಕ್ಕಿಸಿ ಕೊಯ್ದೆ. ಅವಳು ಜೋಡಿಸಿದಳು. ಸಂದಿಗಳ ಮೇಲೆ ನಿಧಾನವಾಗಿ ಎರಡು ಸುತ್ತು ಬೆರಳೆಳೆದಳು. ಮೂರನೇ ಸುತ್ತಿಗೆ ಉಗುರು ಒತ್ತಿ ನೋಡಿದಳು.

"ಕೂಡ್ತು" ಎಂದಳು. ನಗಲಿಲ್ಲ. ಆದರೆ ಅವತ್ತು ಮುದ್ದೆಯನ್ನು ತಾನೇ ಮುರಿದು ತಿಂದಳು.

ಚೌಕ, ವೃತ್ತದ ಕಾಲುಭಾಗಗಳು, ಅಂಚಿನಲ್ಲಿ ಹಲ್ಲು ಕೆತ್ತಿದ ಕೋನಮಾಪಕ, ಎಲ್ಲವೂ ಒಂದೊಂದಾಗಿ ಆದವು. ತೀರ ಸಣ್ಣವನ್ನು ಮಿಷಿನ್ನಿಗೆ ಕೊಡದೆ ಸಣ್ಣ ಹಲ್ಲಿನ ಕೈಗರಗಸದಲ್ಲಿ ಕೊಯ್ದು, ಗಾಜಿನ ಮೇಲೆ ಅಂಟಿಸಿದ ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದೆ. ಗಣಿತದ ಮೇಷ್ಟ್ರು ಅವನ್ನು ನೋಡಿದವರು ಬೇರೆ ವಿಷಯದ ಮಾತು ಎತ್ತಲಿಲ್ಲ. ವಾರಕ್ಕೆರಡು ಸಂಜೆ ಜಗುಲಿಗೆ ಬಂದು ಕೂರತೊಡಗಿದರು. ಮಗಳು ಒಂಬತ್ತನೇ ತರಗತಿಯನ್ನು ಮತ್ತೊಮ್ಮೆ ಕೂತು ಓದಿ ಮುಗಿಸಿದಳು. ಗಣಿತದಲ್ಲಿ ದಡ ಮುಟ್ಟಿದಳು, ಅಷ್ಟೇ. ಈಗ ಹತ್ತನೇ ತರಗತಿ. ಪಾಸಾಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಮೇಷ್ಟ್ರಿಗೂ ಗೊತ್ತಿಲ್ಲ.

ಮೊನ್ನೆ ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಕೂತು ನನ್ನನ್ನು ಕರೆದಳು. "ಕಿಟಕಿ ತೆಗ್ದೈತಾ?"

ತೆಗೆದಿತ್ತು. ಬಿಸಿಲು ನೇರ ಅವಳ ಮುಖದ ಮೇಲೆ ಬಿದ್ದಿತ್ತು.

"ತೆಗ್ದೈತೆ ಕಣವ್ವ."

"ಅಂಗಾರೆ ಅದೂ ಓಯ್ತು" ಎಂದಳು.

ಅವಳಮ್ಮ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಳು. ಮೈಸೂರಿಗೆ ಫೋನು ಮಾಡಿದೆ. ಕರೆದುಕೊಂಡು ಬನ್ನಿ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ಏನು ಮಾಡಬೇಕೆಂದು ತಿಳಿಯದೆ ಶೆಡ್ಡಿನ ಕಡೆ ಹೊರಟೆ. ಅರ್ಧ ಆಗಿದ್ದ ಒಂದು ತುಂಡು ಇತ್ತು, ಅದನ್ನಾದರೂ ಮುಗಿಸೋಣ ಎಂದುಕೊಂಡೆ. ಅವಳು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು. ಜಗುಲಿಯ ಬಳಿ ನನ್ನ ಎಡಗೈ ಹುಡುಕಿ ಹಿಡಿದಳು.

"ಇವತ್ತು ಮಿಷಿನ್ ಆಕ್ಬ್ಯಾಡ ಅಪ್ಪ. ನಿನ್ ಕೈ ನಡುಗ್ತೈತೆ."

ಹಾಕಲಿಲ್ಲ. ಇಬ್ಬರೂ ಜಗುಲಿಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಅವಳಮ್ಮನೂ ಬಂದು ಕೂತಳು. ಬಿಸಿಲು ಏರಿ ಬೆನ್ನು ಸುಡತೊಡಗಿದ ಮೇಲೆ ಮಗಳು, "ಮೈಸೂರ್ ಬಸ್ ಎಷ್ಟೊತ್ತಿಗೆ?" ಎಂದು ಕೇಳಿದಳು.